ಟೊಮೆಟೊ ತೋಟಕ್ಕೆ ಬಿಂಗಿ ರೋಗ ಹೊಕ್ಕಾಗ: ಮೊದಲ ಗಿಡ ಮುದುಡಿದ ದಿನದಿಂದ ಮುಂದಿನ ನಾಟಿಯವರೆಗೆ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರಿಗೆ ಬಿಂಗಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕಗಳಲ್ಲಿ ಅದು ಎಲೆ ಮುಟುರು ರೋಗ, ಎಲೆ ಸುರುಳಿ ನಂಜು ರೋಗ; ಅಂದರೆ ವೈರಸ್‌ನಿಂದ ಎಲೆ ಮುದುಡುವ ರೋಗ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್‌ನ ಬೆಲೆ ಎರಡು ಸಾವಿರ ರೂಪಾಯಿ ದಾಟಿತು. ಆಗ ಮಂಡಿಗೆ ಹಾಕಲು ಹಣ್ಣಿಲ್ಲದೆ ಕೈಕಟ್ಟಿ ನಿಂತವರು ಬಹಳ ಮಂದಿ ಇದ್ದರು. ಅವರಲ್ಲಿ ಎಷ್ಟೋ ಜನರ ತೋಟವನ್ನು ಬಿಂಗಿ ಮೊದಲೇ ತಿಂದು ಹಾಕಿತ್ತು.

ಇಲ್ಲಿ ಬರೆಯುವುದೆಲ್ಲ ಎರಡು ಸಂಗತಿಗಳ ಮೇಲೆ ನಿಂತಿದೆ. ವೈರಸ್ ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್, ಟಾನಿಕ್ ಯಾವುದೂ ವೈರಸ್ಸನ್ನು ಮುಟ್ಟುವುದಿಲ್ಲ. ಇನ್ನೊಂದು, ಈ ರೋಗ ಒಬ್ಬರ ತೋಟದ್ದಾಗಿರುವುದಿಲ್ಲ, ಊರಿನದ್ದಾಗಿರುತ್ತದೆ. ಇವೆರಡನ್ನೂ ಒಪ್ಪಿಕೊಂಡ ಬೆಳೆಗಾರ ಖರ್ಚನ್ನು ಸರಿಯಾದ ಕಡೆ ಮಾಡುತ್ತಾನೆ. ಒಪ್ಪದವನು ವಾರಕ್ಕೆರಡು ಸಲ ಔಷಧಿಯ ಡ್ರಮ್ ತುಂಬಿಸಿ, ಸಾಲ ಏರಿಸಿಕೊಂಡು, ಕೊನೆಗೆ ಗಿಡವನ್ನೂ ಕಳೆದುಕೊಳ್ಳುತ್ತಾನೆ. ನಾನು ಎರಡನ್ನೂ ಮಾಡಿದ್ದೇನೆ.

ಮೊದಲ ಹೆಜ್ಜೆ: ರೋಗ ಅದೇ ಹೌದೇ ಎಂದು ನೋಡುವುದು

ಮುದುಡಿದ ಎಲೆಯೆಲ್ಲ ಬಿಂಗಿಯಲ್ಲ. ಬೆಳಗ್ಗೆ ಏಳು ಗಂಟೆಯೊಳಗೆ, ಬಿಸಿಲು ಏರುವ ಮೊದಲು ತೋಟಕ್ಕೆ ಹೋಗಿ. ಮಧ್ಯಾಹ್ನ ಬಾಡಿದ ಗಿಡ ನೋಡಿದರೆ ಎಲ್ಲವೂ ರೋಗದಂತೆಯೇ ಕಾಣುತ್ತದೆ.

ಗಿಡದ ಮುಂದೆ ಕುಳಿತು ಸುಳಿಯ ಮೂರು ಎಲೆಗಳನ್ನು ನೋಡಿ. ಬಿಂಗಿ ಹಿಡಿದ ಗಿಡದಲ್ಲಿ ಹೊಸ ಎಲೆಗಳು ಚಿಕ್ಕದಾಗುತ್ತವೆ. ಅಂಚು ಹಳದಿಗೆ ತಿರುಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ನರಗಳ ನಡುವಿನ ಭಾಗ ಉಬ್ಬಿ ಸುಕ್ಕುಗಟ್ಟುತ್ತದೆ. ಎಲೆ ತಿರುವಿದರೆ ಕೆಳಭಾಗದ ನರಗಳು ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿರುತ್ತವೆ. ಗೆಣ್ಣುಗಳ ಅಂತರ ಕಡಿಮೆಯಾಗಿ ಗಿಡ ಪೊದೆಯಂತೆ ಕುಳ್ಳಾಗುತ್ತದೆ. ಹೂವು ಬಿಟ್ಟರೂ ಕಾಯಿ ಕಚ್ಚದೆ ಉದುರುತ್ತದೆ.

ಇದರ ಜೊತೆ ಗೊಂದಲ ಹುಟ್ಟಿಸುವ ನಾಲ್ಕೈದು ಸ್ಥಿತಿಗಳಿವೆ. ಕೆಳಗಿನ ಹಳೆಯ ಎಲೆಗಳು ಮಾತ್ರ ದೋಣಿಯಂತೆ ಮೇಲಕ್ಕೆ ಸುತ್ತಿ, ಹಸಿರಾಗಿ, ಮುಟ್ಟಿದರೆ ಚರ್ಮದಂತೆ ದಪ್ಪಗಿದ್ದರೆ ಅದು ನೀರಿನ ಏರುಪೇರು, ಬಿಸಿಲು ಅಥವಾ ಅತಿಯಾದ ಕುಡಿ ಚಿವುಟುವಿಕೆಯಿಂದ ಬಂದದ್ದು. ಪಕ್ಕದ ರಾಗಿ ಅಥವಾ ಜೋಳದ ಹೊಲಕ್ಕೆ 2,4-ಡಿ ಕಳೆನಾಶಕ ಹೊಡೆದಿದ್ದು, ಗಾಳಿ ಈ ಕಡೆ ಬೀಸಿದ್ದರೆ ಎಲೆ ಉದ್ದುದ್ದವಾಗಿ ತಿರುಚಿಕೊಳ್ಳುತ್ತದೆ. ಅದು ಆ ಅಂಚಿನ ಸಾಲುಗಳಲ್ಲಿ ಏಕಕಾಲಕ್ಕೆ ಕಾಣುತ್ತದೆ. ಬಿಂಗಿ ಹಾಗೆ ಬರುವುದಿಲ್ಲ. ಇಲ್ಲೊಂದು ಅಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ. ಸುಳಿಯ ಎಲೆ ಕೆಳಕ್ಕೆ ಮುದುಡಿ, ಹಿಂಭಾಗ ಎಣ್ಣೆ ಸವರಿದಂತೆ ಕಂದು ಬಣ್ಣಕ್ಕೆ ತಿರುಗಿದ್ದರೆ ನುಸಿ ಇರಬಹುದು. ಭೂತಗನ್ನಡಿ ಹಿಡಿದು ನೋಡಿ.

ಎಲೆಯ ಮೇಲೆ ಕಂಚು ಬಣ್ಣದ ಚುಕ್ಕೆ, ಸುಳಿ ಕಪ್ಪಾಗಿ ಒಣಗುವುದು, ಕಾಯಿಯ ಮೇಲೆ ಉಂಗುರ ಉಂಗುರವಾದ ಮಚ್ಚೆ: ಇವು ಕಂಡರೆ ಅದು ಬೇರೆಯೇ ವೈರಸ್, ಸುಳಿ ನಂಜು. ಅದನ್ನು ಹರಡುವುದು ಥ್ರಿಪ್ಸ್ ಎಂಬ ಸಣ್ಣ ಕೀಟ. ಅದರ ಲೆಕ್ಕ ಬೇರೆ, ಮುಂದೆ ಹೇಳುತ್ತೇನೆ.

ಸಂಶಯ ಉಳಿದರೆ ಗಿಡವನ್ನು ಬುಡಸಮೇತ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕಾ ಕಾಲೇಜಿಗೋ ಅದೇ ದಿನ ತೆಗೆದುಕೊಂಡು ಹೋಗಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ಅಂಗಡಿಯವನಿಗೆ ತೋರಿಸಿ ಔಷಧಿ ಕೇಳುವುದಕ್ಕಿಂತ ಆ ಅರ್ಧ ದಿನ ಹೆಚ್ಚು ಬೆಲೆಯದು.

ರೋಗ ಎಲ್ಲಿಂದ ಬಂತು ಎಂಬುದನ್ನು ದಿನ ಎಣಿಸಿ ತಿಳಿಯುವುದು

ಬಿಂಗಿಯನ್ನು ಹರಡುವುದು ಬಿಳಿ ನೊಣ. ರೋಗದ ಗಿಡದ ರಸವನ್ನು ಅರ್ಧ ಗಂಟೆ ಹೀರಿದರೂ ಸಾಕು, ವೈರಸ್ ಅದರ ದೇಹ ಸೇರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಆ ನೊಣ ಬದುಕಿರುವವರೆಗೂ ಬಹುಪಾಲು ದಿನ ರೋಗ ಹಂಚುತ್ತಲೇ ಇರುತ್ತದೆ. ಈ ರೋಗ ಬೀಜದಿಂದ ಬರುವುದಿಲ್ಲ, ಮಣ್ಣಿನಿಂದ ಬರುವುದಿಲ್ಲ, ಕೈ ಸೋಕಿದ್ದರಿಂದ ಬರುವುದಿಲ್ಲ. ಆದ್ದರಿಂದ ಬೀಜದ ಪ್ಯಾಕೆಟ್ ಹಿಡಿದುಕೊಂಡು ಜಗಳಕ್ಕೆ ಹೋಗುವುದು ವ್ಯರ್ಥ.

ನೊಣ ಕಚ್ಚಿದ ದಿನದಿಂದ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಪತ್ತೇದಾರಿ ಮುಗಿಯಿತು. ನಾಟಿ ಮಾಡಿ ಹತ್ತು ಹನ್ನೆರಡು ದಿನದಲ್ಲಿ ಮುದುಡಿದ ಗಿಡ ಕಂಡರೆ ರೋಗ ಸಸಿಮಡಿಯಿಂದಲೇ ಬಂದಿದೆ. 30 ದಿನದ ನಂತರ ಕಾಣಿಸಿಕೊಂಡರೆ ನಿಮ್ಮ ತೋಟದಲ್ಲೇ, ಸುತ್ತಲಿನ ಹಳೆ ಬೆಳೆಯಿಂದ ತಗುಲಿದೆ. ಒಂದು ವರ್ಷ ನಾನು ದುಡ್ಡು ಉಳಿಯುತ್ತದೆಂದು ಅಗ್ಗದ ನರ್ಸರಿಯೊಂದರಿಂದ ಸಸಿ ತಂದೆ. ಒಂಬತ್ತನೆಯ ದಿನ ಮೊದಲ ಗಿಡ ಮುದುಡಿತು. ಮರುದಿನ ಆ ನರ್ಸರಿಗೆ ಹೋಗಿ ನೋಡಿದರೆ ಪರದೆಯ ಒಂದು ಮೂಲೆಯಲ್ಲಿ ಕೈ ತೂರುವಷ್ಟು ತೂತಿತ್ತು. ಟ್ರೇ ಎತ್ತಿ ಅಲ್ಲಾಡಿಸಿದಾಗ ಬೂದಿ ಎರಚಿದಂತೆ ನೊಣಗಳು ಎದ್ದವು. ಸಸಿ ತರುವ ದಿನ ಟ್ರೇ ಅಲ್ಲಾಡಿಸಿ ನೋಡಲು ನನಗೆ ಒಂದು ನಿಮಿಷ ಸಾಕಾಗಿತ್ತು.

ಎರಡನೆಯ ಹೆಜ್ಜೆ: ಎಣಿಸುವುದು

ರೋಗ ಕಂಡ ದಿನವೇ ಔಷಧಿಗೆ ಓಡಬೇಡಿ, ಮೊದಲು ಎಣಿಸಿ. ತೋಟದ ನಾಲ್ಕು ಮೂಲೆ ಮತ್ತು ನಡುವೆ, ಒಟ್ಟು ಐದು ಕಡೆ, ಒಂದೊಂದು ಕಡೆ ಸಾಲಾಗಿ 20 ಗಿಡ ನೋಡಿ. ನೂರಕ್ಕೆ ಎಷ್ಟು ಎಂಬುದು ನೇರವಾಗಿ ಸಿಗುತ್ತದೆ. ಸಾಲಿಗೆ ಐದು ಅಡಿ, ಗಿಡಕ್ಕೆ ಒಂದೂವರೆ ಅಡಿ ಬಿಟ್ಟ ಎಕರೆಯಲ್ಲಿ ಸುಮಾರು 5,800 ಗಿಡಗಳಿರುತ್ತವೆ. ನೂರಕ್ಕೆ ಐದು ಎಂದರೆ 290 ಗಿಡ. ಕೀಳುವ ಕೂಲಿಯ ಲೆಕ್ಕವೂ ಇದರಲ್ಲೇ ಸಿಗುತ್ತದೆ.

ಎಣಿಕೆಯ ಜೊತೆ ಬೆಳೆಯ ವಯಸ್ಸನ್ನು ಸೇರಿಸಿ ತೀರ್ಮಾನಿಸಬೇಕು. ನಾಟಿಯಾಗಿ 20 ದಿನದೊಳಗೆ ರೋಗ ತಗುಲಿದ ಗಿಡದಿಂದ ಫಸಲು ಹೆಚ್ಚುಕಡಿಮೆ ಇಲ್ಲವೆಂದೇ ತಿಳಿಯಿರಿ. ಇಳುವರಿ ನೂರಕ್ಕೆ 90ರಷ್ಟು ಹೋಗುತ್ತದೆ. 50 ದಿನ ದಾಟಿದ ಮೇಲೆ ತಗುಲಿದರೆ ಮೊದಲು ಕಚ್ಚಿದ ಕಾಯಿಗಳು ಹಣ್ಣಾಗುತ್ತವೆ, ನಷ್ಟ ಅದಕ್ಕಿಂತ ಬಹಳ ಕಡಿಮೆ.

ಹಾಗಾಗಿ ನಾನು ಇಟ್ಟುಕೊಂಡಿರುವ ನಿಯಮ ಹೀಗಿದೆ. 45 ದಿನದೊಳಗಿನ ಬೆಳೆಯಲ್ಲಿ ನೂರಕ್ಕೆ ಐದರವರೆಗೆ ರೋಗವಿದ್ದರೆ ಒಂದೂ ಬಿಡದೆ ಕೀಳುತ್ತೇನೆ. 30 ದಿನದೊಳಗೆ ನೂರಕ್ಕೆ ಮೂವತ್ತು ನಲವತ್ತು ಗಿಡ ಮುದುಡಿದ್ದರೆ ಇಡೀ ತೋಟವನ್ನೇ ಕೈಬಿಡುತ್ತೇನೆ. ಇದು ಹೇಳಿದಷ್ಟು ಸುಲಭವಲ್ಲ. ಸಸಿ, ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್, ಗೊಬ್ಬರ, ಕೂಲಿ ಎಲ್ಲ ಆಗಲೇ ಮಣ್ಣಿಗೆ ಬಿದ್ದಿರುತ್ತದೆ. ಆದರೆ ಕೋಲು, ದಾರ, ಮುಂದಿನ ಎರಡು ತಿಂಗಳ ಔಷಧಿ ಮತ್ತು ಕಟಾವಿನ ಖರ್ಚು ಇನ್ನೂ ಬಾಕಿ ಇರುತ್ತದೆ. ಆ ಹಣ ಉಳಿದರೆ ಇನ್ನೊಂದು ಬೆಳೆಗೆ ಬಂಡವಾಳವಾಗುತ್ತದೆ. ಕಾಯಿ ಕಚ್ಚಿದ 60 ದಿನದ ಬೆಳೆಯಲ್ಲಿ ಗಿಡ ಕೀಳುವುದರಿಂದ ಲಾಭವಿಲ್ಲ. ನೊಣವನ್ನು ಹತೋಟಿಯಲ್ಲಿಟ್ಟು ಇರುವ ಹಣ್ಣು ಕೀಳುವುದೇ ಸರಿ. ನಡುವಿನ ಸ್ಥಿತಿಯಲ್ಲಿ ವಾರಕ್ಕೊಮ್ಮೆ ಎಣಿಸಿ, ಲೆಕ್ಕ ಏರುತ್ತಿದೆಯೋ ನಿಂತಿದೆಯೋ ಎಂಬುದನ್ನು ನೋಡಿ ತೀರ್ಮಾನಿಸಿ.

ಮೂರನೆಯ ಹೆಜ್ಜೆ: ಗಿಡ ಕೀಳುವ ರೀತಿ

ಹೆಚ್ಚಿನವರು ತಪ್ಪುವುದು ಇಲ್ಲಿ. ರೋಗದ ಗಿಡವನ್ನು ಕಿತ್ತು, ಅಲ್ಲಾಡಿಸಿ ಮಣ್ಣು ಕೊಡವಿ, ಹೆಗಲ ಮೇಲೆ ಹೊತ್ತು ಸಾಲುಗಳ ನಡುವೆಯೇ ನಡೆದು ಬದುವಿಗೆ ಎಸೆಯುತ್ತಾರೆ. ಅದರಲ್ಲಿದ್ದ ನೊಣಗಳೆಲ್ಲ ಎದ್ದು ಪಕ್ಕದ ಗಿಡಗಳಿಗೆ ಕೂರುತ್ತವೆ. ಕಿತ್ತದ್ದರಿಂದ ರೋಗ ಹರಡಿದಂತಾಯಿತು.

ಹಿಂದಿನ ಸಂಜೆ ತೋಟಕ್ಕೆ ನೊಣದ ಔಷಧಿ ಸಿಂಪಡಿಸಿ. ಮರುದಿನ ಬೆಳಗಿನ ತಂಪಿನಲ್ಲಿ, ನೊಣಗಳು ಮಂಕಾಗಿರುವಾಗ, ಹಳೆಯ ಗೊಬ್ಬರದ ಚೀಲ ತೆಗೆದುಕೊಂಡು ಹೋಗಿ. ಚೀಲವನ್ನು ಗಿಡದ ತಲೆಯ ಮೇಲಿಂದ ನಿಧಾನಕ್ಕೆ ಇಳಿಸಿ, ಬುಡದಲ್ಲಿ ಬಾಯಿ ಬಿಗಿ ಹಿಡಿದು, ಆಮೇಲೆ ಕಿತ್ತು ಕಟ್ಟಿ. ಚೀಲಗಳನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಬಿಡಿ, ಒಳಗಿನ ನೊಣ ಸಾಯುತ್ತದೆ. ಈ ವೈರಸ್ ಬದುಕುವುದು ಜೀವಂತ ಗಿಡದಲ್ಲಿ ಮತ್ತು ನೊಣದ ಹೊಟ್ಟೆಯಲ್ಲಿ ಮಾತ್ರ. ಒಣಗಿದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಸುಡಬೇಕಾಗಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ಸಸಿ ನೆಡಬೇಡಿ. ಎಳೆಯ ಸಸಿಯನ್ನೇ ನೊಣ ಮೊದಲು ಹುಡುಕುತ್ತದೆ.

ಮೊದಲ 45 ದಿನ ವಾರಕ್ಕೆರಡು ಬಾರಿ ಹೀಗೆ ಸಾಲು ಸಾಲು ನಡೆದು ನೋಡಬೇಕು. ಇದನ್ನು ಕೂಲಿಯವರಿಗೆ ಒಪ್ಪಿಸಬೇಡಿ. ತೋಟ ಯಾರದೋ ಅವರ ಕಣ್ಣೇ ಬೇಕು.

ನಾಲ್ಕನೆಯ ಹೆಜ್ಜೆ: ನೊಣದ ಹತೋಟಿ

ಹಳದಿ ಅಂಟು ಬಲೆಗಳನ್ನು ಎಕರೆಗೆ ಹತ್ತು ಹನ್ನೆರಡರಂತೆ, ಗಿಡದ ತುದಿಯ ಎತ್ತರಕ್ಕೆ ಕಟ್ಟಿ. ಅವು ನೊಣವನ್ನು ಮುಗಿಸುವುದಿಲ್ಲ, ಎಷ್ಟಿವೆ ಎಂದು ಹೇಳುತ್ತವೆ. ಗಿಡ ಎತ್ತರವಾದಂತೆ ಬಲೆಯನ್ನೂ ಏರಿಸಿ.

ಔಷಧಿಯ ವಿಷಯದಲ್ಲಿ ಒಂದೇ ಗುಂಪಿನದನ್ನು, ಅಂದರೆ ಕೀಟವನ್ನು ಒಂದೇ ರೀತಿಯಲ್ಲಿ ಕೊಲ್ಲುವಂಥದನ್ನು, ಮತ್ತೆ ಮತ್ತೆ ಹೊಡೆಯುವುದೇ ನಮ್ಮ ಭಾಗದ ದೊಡ್ಡ ತಪ್ಪು. ಬಿಳಿ ನೊಣದ ಮೊಟ್ಟೆ ನೊಣವಾಗಲು ಬೇಸಿಗೆಯಲ್ಲಿ ಸುಮಾರು ಮೂರು ವಾರ ಸಾಕು. ವರ್ಷದಲ್ಲಿ ಹಲವು ಪೀಳಿಗೆ ಬರುತ್ತವೆ, ವಿಷಕ್ಕೆ ಬಗ್ಗದವು ಉಳಿದುಕೊಳ್ಳುತ್ತವೆ. ಜೊತೆಗೆ ನಮ್ಮಲ್ಲಿರುವ ನೊಣ ಒಂದೇ ಬಗೆಯದಲ್ಲ. ಜಗತ್ತಿನ ತರಕಾರಿ ತೋಟಗಳನ್ನು ಕಾಡಿದ 'ಬಿ' ಬಯೋಟೈಪ್ ಎಂಬ ಆಕ್ರಮಣಕಾರಿ ಬಗೆಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1999ರಲ್ಲಿ, ನಮ್ಮ ಕೋಲಾರದ ಟೊಮೆಟೊ ಗಿಡಗಳ ಮೇಲೆಯೇ.

ಟೊಮೆಟೊ ಬಿಳಿ ನೊಣಕ್ಕೆ ನೋಂದಣಿಯಾದ ಔಷಧಿಗಳಲ್ಲಿ ಮೂರು ಬೇರೆ ಬೇರೆ ಗುಂಪುಗಳನ್ನು ನೆನಪಿಡಿ. ಹೆಸರಿನ ಪಕ್ಕದ ಅಂಕಿ ಔಷಧಿಯ ಸಾಂದ್ರತೆ, ಅಕ್ಷರ ಅದರ ರೂಪ; ಎರಡೂ ಡಬ್ಬಿಯ ಮೇಲಿರುತ್ತವೆ. ಥಯಾಮೆಥೋಕ್ಸಾಮ್ 25 ಡಬ್ಲ್ಯುಜಿ ಎಕರೆಗೆ 80 ಗ್ರಾಂ. ಇಮಿಡಾಕ್ಲೋಪ್ರಿಡ್ ಕೂಡ ಇದೇ ಗುಂಪಿನದು, ಹೆಸರು ಬದಲಾದ ಮಾತ್ರಕ್ಕೆ ಗುಂಪು ಬದಲಾಗುವುದಿಲ್ಲ. ಸಯಾಂಟ್ರಾನಿಲಿಪ್ರೋಲ್ 10.26 ಒಡಿ ಎಕರೆಗೆ 360 ಮಿ.ಲೀ. ಸ್ಪೈರೋಮೆಸಿಫೆನ್ 22.9 ಎಸ್‌ಸಿ ಎಕರೆಗೆ 250 ಮಿ.ಲೀ.; ಇದು ಮೊಟ್ಟೆ ಮತ್ತು ಮರಿಗಳ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ಎಲ್ಲಕ್ಕೂ ಎಕರೆಗೆ ಸುಮಾರು 200 ಲೀಟರ್ ನೀರು. ಕೊಳ್ಳುವ ಡಬ್ಬಿಯ ಮೇಲಿನ ಲೇಬಲ್ ಏನು ಹೇಳುತ್ತದೋ ಅದೇ ಅಂತಿಮ, ಕಟಾವಿಗೆ ಕಾಯಬೇಕಾದ ದಿನಗಳೂ ಅದರಲ್ಲೇ ಇರುತ್ತವೆ. ಒಂದು ಗುಂಪನ್ನು ಒಂದು ಪೀಳಿಗೆಯ ಅವಧಿಯಲ್ಲಿ, ಅಂದರೆ ಮೂರು ವಾರದಲ್ಲಿ ಬಳಸಿದ ಮೇಲೆ ಮುಂದಿನ ಮೂರು ವಾರಕ್ಕೆ ಬೇರೆ ಗುಂಪಿಗೆ ಹೋಗಿ. ನಡುವೆ ಬೇವಿನ ಎಣ್ಣೆ ಅಥವಾ ಬೇವಿನಿಂದಲೇ ತೆಗೆದ ಅಜಾಡಿರಾಕ್ಟಿನ್ ಬಳಸಿ.

ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳನ್ನು ನೊಣಕ್ಕೆಂದು ಹೊಡೆಯಲೇಬೇಡಿ. ಅವು ನೊಣದ ಮರಿಗಳನ್ನು ತಿನ್ನುವ ಮಿತ್ರ ಕೀಟಗಳನ್ನು ಮೊದಲು ಕೊಲ್ಲುತ್ತವೆ. ಆಮೇಲೆ ನೊಣ ಮೊದಲಿಗಿಂತ ಹೆಚ್ಚಾಗಿ ತಿರುಗಿ ಬರುತ್ತದೆ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಯಾವ ಕೀಟನಾಶಕವನ್ನೂ ಹೊಡೆಯಬೇಡಿ, ಟೊಮೆಟೊ ಹೂವನ್ನು ಝೇಂಕರಿಸಿ ಅದುರಿಸುವ ದುಂಬಿಗಳು ನಮ್ಮ ಕೂಲಿಯಿಲ್ಲದ ಕೆಲಸಗಾರರು. ನಳಿಕೆಯ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಎಲೆಯ ಹಿಂಭಾಗ ನೆನೆಯುವಂತೆ ಸಿಂಪಡಿಸಿ. ನೊಣ, ಮೊಟ್ಟೆ, ಮರಿ ಎಲ್ಲ ಅಲ್ಲೇ ಇರುತ್ತವೆ. ಮುಖಗವಸು, ಕೈಗವಸು ತಪ್ಪಿಸಬೇಡಿ.

ಐದನೆಯ ಹೆಜ್ಜೆ: ಹಳೆ ತೋಟ ಕಿತ್ತೊಗೆಯುವುದು

ಈ ಬರಹವನ್ನು ಬರೆಯಲು ಕುಳಿತದ್ದೇ ಈ ಹೆಜ್ಜೆಗಾಗಿ. ಬೆಲೆ ಬಿದ್ದಾಗ ಏನಾಗುತ್ತದೆ ನೋಡಿ. ಬಾಕ್ಸ್‌ಗೆ ಐವತ್ತು ರೂಪಾಯಿಯೂ ಸಿಗದೆ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ. ರೈತ ತೋಟಕ್ಕೆ ಬೆನ್ನು ತಿರುಗಿಸುತ್ತಾನೆ. ಅವನನ್ನು ದೂರುವ ಮನಸ್ಸು ನನಗಿಲ್ಲ, ಕೈಯಲ್ಲಿ ಕಾಸಿಲ್ಲದವನು ತೋಟ ಕೀಳಲು ಮತ್ತೆ ಕೂಲಿ ಎಲ್ಲಿಂದ ಕೊಟ್ಟಾನು? ಆದರೆ ಕೋಲಿಗೆ ಕಟ್ಟಿದಂತೆಯೇ ಉಳಿದ ಆ ಗಿಡಗಳು ಎರಡು ತಿಂಗಳು ಹಸಿರಾಗಿಯೇ ನಿಲ್ಲುತ್ತವೆ. ರೋಗವೂ ಅಲ್ಲೇ, ನೊಣವೂ ಅಲ್ಲೇ. ಪಕ್ಕದವನು ಹೊಸ ಸಸಿ ನೆಟ್ಟ ದಿನ ಎಲ್ಲವೂ ಅಲ್ಲಿಗೆ ಹಾರುತ್ತವೆ.

ಕೊನೆಯ ಕೊಯ್ಲು ಮುಗಿದ ಎರಡು ದಿನದೊಳಗೆ ಒಮ್ಮೆ ನೊಣಕ್ಕೆ ಸಿಂಪಡಿಸಿ, ಮರುದಿನ ಹನಿ ನೀರು ನಿಲ್ಲಿಸಿ ಬುಡಗಳನ್ನು ಕತ್ತರಿಸಿ. ಗಿಡ ಕೋಲಿನ ಮೇಲೆಯೇ ಒಣಗಲಿ. ದಾರ, ಕೋಲು, ಪೈಪ್ ಬಿಡಿಸುವ ಕೆಲಸವನ್ನು ಆಮೇಲೆ ಬಿಡುವಾದಾಗ ಮಾಡಿಕೊಳ್ಳಬಹುದು. ಬುಡ ಕತ್ತರಿಸುವುದಕ್ಕೆ ಎಕರೆಗೆ ಹೆಚ್ಚು ಆಳು ಬೇಕಾಗುವುದಿಲ್ಲ. ಪಕ್ಕದವರಿಗೆ ಆ ಶಕ್ತಿಯೂ ಇಲ್ಲದಿದ್ದರೆ ನೀವೇ ಹೋಗಿ ಕತ್ತರಿಸಿಕೊಡಿ. ನಾನು ಹಾಗೆ ಎರಡು ಸಲ ಮಾಡಿದ್ದೇನೆ. ಒಂದು ದಿನದ ಕೂಲಿ ಹೋಯಿತು, ನನ್ನ ತೋಟ ಉಳಿಯಿತು.

ಬದುವಿನ ಪಾರ್ಥೇನಿಯಂ, ದತ್ತೂರಿಯಂಥ ಕಳೆಗಳೂ ವೈರಸ್ಸಿಗೆ ತಂಗುದಾಣಗಳು. ತಾನಾಗಿ ಮೊಳೆತ ಟೊಮೆಟೊ ಗಿಡಗಳಂತೂ ಇನ್ನೂ ಅಪಾಯ. ಹಣ್ಣು ಸುರಿದ ತಿಪ್ಪೆಯ ಸುತ್ತ ಒಮ್ಮೆ ನೋಡಿ.

ಊರಿಗೆ ಊರೇ ಒಟ್ಟಾಗಿ ಬಿಡುವು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಡೊಮಿನಿಕನ್ ಗಣರಾಜ್ಯದ ಉದಾಹರಣೆ ಇದೆ. 1990ರ ದಶಕದಲ್ಲಿ ಇದೇ ಬಗೆಯ ವೈರಸ್ ಅಲ್ಲಿನ ಟೊಮೆಟೊ ಉದ್ಯಮವನ್ನು ನೆಲಕಚ್ಚಿಸಿತ್ತು. ವರ್ಷದಲ್ಲಿ ಮೂರು ತಿಂಗಳು ನೊಣಕ್ಕೆ ಆಸರೆಯಾಗುವ ಬೆಳೆಗಳನ್ನು ಬೆಳೆಯಬಾರದೆಂದು ಸರ್ಕಾರ ಕಡ್ಡಾಯ ಮಾಡಿತು. ಆ ಬಿಡುವಿನ ಜೊತೆ ತಡೆದುಕೊಳ್ಳುವ ತಳಿಗಳೂ ಸೇರಿ ಬೆಳೆ ಮತ್ತೆ ಎದ್ದು ನಿಂತಿತು. ನಮ್ಮಲ್ಲಿ ವರ್ಷವಿಡೀ ಟೊಮೆಟೊ ಇರುವುದರಿಂದ ಮೂರು ತಿಂಗಳು ಕಷ್ಟ. ಒಂದು ಕೆರೆಯ ಅಚ್ಚುಕಟ್ಟಿನ ಹದಿನೈದು ಇಪ್ಪತ್ತು ಮನೆಯವರು ಕೂತು ಮಾತಾಡಿ, ಹಳೆ ಬೆಳೆ ಕಿತ್ತದ್ದಕ್ಕೂ ಹೊಸ ನಾಟಿಗೂ ನಡುವೆ ಆರು ವಾರ ಬಿಡುವು ಇಟ್ಟುಕೊಳ್ಳಬಹುದು. ಆ ಸಮಯದಲ್ಲಿ ರಾಗಿ ಅಥವಾ ಮುಸುಕಿನ ಜೋಳ ಹಾಕಿ. ಬದನೆ, ಬೆಂಡೆ, ಹುರುಳಿಕಾಯಿ, ಸೌತೆ ಹಾಕಿದರೆ ನೊಣಕ್ಕೆ ಊಟ ಹಾಕಿದಂತೆ.

ಆರನೆಯ ಹೆಜ್ಜೆ: ಮುಂದಿನ ನಾಟಿ

ಸಸಿಯನ್ನು ನೀವೇ ಬೆಳೆಸಿದರೆ 50 ಮೆಷ್, ಅಂದರೆ ಅಂಗುಲಕ್ಕೆ 50 ಕಣ್ಣುಗಳಿರುವ ನೈಲಾನ್ ಪರದೆಯೊಳಗೆ ಬೆಳೆಸಿ, ಬಾಗಿಲು ಎರಡು ಇರಲಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಕೊಳ್ಳುವುದಾದರೆ ಟ್ರೇ ಅಲ್ಲಾಡಿಸಿ, ಎಲೆ ತಿರುವಿ, ಪರದೆ ಸುತ್ತ ನಡೆದು ನೋಡಿ.

ನಾಟಿಗೆ ನಾಲ್ಕು ವಾರ ಮೊದಲೇ ಹೊಲದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಅಥವಾ ಸಜ್ಜೆ ಒತ್ತಾಗಿ ಬಿತ್ತಿ. ಗಾಳಿ ಬರುವ ದಿಕ್ಕಿನಲ್ಲಿ ಒಂದು ಸಾಲು ಹೆಚ್ಚಿರಲಿ. ಬೆಳ್ಳಿ ಬಣ್ಣ ಮೇಲಿರುವ ಮಲ್ಚಿಂಗ್ ಶೀಟ್ ಹಾಸಿದರೆ ಅದರ ಪ್ರತಿಫಲನಕ್ಕೆ ನೊಣ ದಾರಿ ತಪ್ಪುತ್ತದೆ. ಗಿಡ ಹರಡಿ ಶೀಟ್ ಮುಚ್ಚುವವರೆಗೆ ಮಾತ್ರ ಈ ಲಾಭ, ಆದರೆ ನಮಗೆ ಬೇಕಿರುವುದೂ ಆ ದಿನಗಳೇ. ಹಣ ಇದ್ದವರು ಮೊದಲ 30 ದಿನ ಬಾಗಿದ ಕಡ್ಡಿಗಳ ಮೇಲೆ ತೆಳು ಬಟ್ಟೆಯಂಥ ಕ್ರಾಪ್ ಕವರ್ ಹೊದಿಸಬಹುದು.

ತಳಿಯ ಆಯ್ಕೆ ತಿಂಗಳನ್ನು ನೋಡಿ ಮಾಡಿ. ನಮ್ಮ ಕಡೆ ಫೆಬ್ರುವರಿಯಿಂದ ಮೇ ತಿಂಗಳವರೆಗೆ ನೊಣ ಹೆಚ್ಚು, ರೋಗವೂ ಹೆಚ್ಚು. ಆ ಕಾಲಕ್ಕೆ ರೋಗ ತಡೆಯದ ತಳಿ ಹಾಕುವುದೆಂದರೆ ಜೂಜು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಸಂಕ್ರಾಂತಿ, ನಂದಿ, ವೈಭವ್ ಈ ರೋಗಕ್ಕೆಂದೇ ರೂಪಿಸಿದ ತಳಿಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಎಲೆ ಸುರುಳಿ, ದುಂಡಾಣು ಸೊರಗು, ಎಲೆಚುಕ್ಕೆ ಮೂರನ್ನೂ ತಡೆಯುತ್ತವೆ. ಅರ್ಕಾ ಅಭೇದ್ ಅಂಗಮಾರಿಯನ್ನೂ ಸೇರಿಸಿ ನಾಲ್ಕನ್ನು. ಖಾಸಗಿ ಹೈಬ್ರಿಡ್ ಕೊಳ್ಳುವಾಗ ಈ ರೋಗವನ್ನು ತಡೆದುಕೊಳ್ಳುವ ಟಿವೈ ಜೀನ್ ಇದೆಯೇ ಎಂದು ಕೇಳಿ. ಕಾಡು ಟೊಮೆಟೊದಿಂದ ತಂದ ಈ ಜೀನ್‌ಗಳಿರುವ ಗಿಡಕ್ಕೂ ವೈರಸ್ ಹೊಗುತ್ತದೆ, ಹೆಚ್ಚಲು ಮಾತ್ರ ಬಿಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ನೊಣಗಳ ಹಿಂಡೇ ಮುತ್ತಿದರೆ ಅವೂ ಸೋಲುತ್ತವೆ. ಆದ್ದರಿಂದ ಇಂಥ ತಳಿ ಹಾಕಿದರೂ ಪರದೆ, ಬಲೆ, ಕೀಳುವ ಕೆಲಸ ತಪ್ಪದು.

ಸುಳಿ ನಂಜು ಮತ್ತು ಕೈಯಿಂದ ಹರಡುವ ವೈರಸ್

ಥ್ರಿಪ್ಸ್ ಹರಡುವ ಸುಳಿ ನಂಜಿನಲ್ಲಿ ರೋಗದ ಗಿಡದ ಮೇಲೆ ಹುಟ್ಟಿ ಬೆಳೆದ ಮರಿ ಮಾತ್ರ ವೈರಸ್ ಪಡೆಯುತ್ತದೆ. ದೊಡ್ಡದಾದ ಥ್ರಿಪ್ಸ್ ಬಂದು ಕಚ್ಚಿದರೆ ಅದು ಹೊಸದಾಗಿ ವೈರಸ್ ಹೊರುವುದಿಲ್ಲ, ಮರಿಯಾಗಿದ್ದಾಗ ಪಡೆದದ್ದನ್ನೇ ಹಂಚುತ್ತದೆ. ಹೊರಗಿನಿಂದ ಹಾರಿ ಬರುವ ಥ್ರಿಪ್ಸ್ ತರುವ ರೋಗವನ್ನು ಗಿಡ ಕೀಳುವುದೊಂದರಿಂದ ತಡೆಯಲಾಗದು. ಇಲ್ಲಿ ನೀಲಿ ಬಲೆ, ಜೋಳದ ತಡೆಸಾಲು ಮತ್ತು ಮಲ್ಚಿಂಗ್ ಶೀಟ್ ಮುಖ್ಯ. ಅದರ ಕೋಶಾವಸ್ಥೆ ಮಣ್ಣಿನಲ್ಲಿ ಕಳೆಯುವುದರಿಂದ ಶೀಟ್ ಅದಕ್ಕೆ ಅಡ್ಡಿಯಾಗುತ್ತದೆ.

ಎಲೆಯಲ್ಲಿ ಕಡು ಹಸಿರು ತಿಳಿ ಹಸಿರು ಮಚ್ಚೆ ಬೀಳುವ ಮೊಸಾಯಿಕ್ ಇದ್ದರೆ ಎಚ್ಚರ ಇನ್ನೊಂದು ರೀತಿಯದು. ಟೊಮೆಟೊ ಮೊಸಾಯಿಕ್ ವೈರಸ್ ಕೈ, ಕತ್ತರಿ, ದಾರ, ಬಟ್ಟೆಯಿಂದ ಹರಡುತ್ತದೆ, ಬೀಜದ ಸಿಪ್ಪೆಯಲ್ಲೂ ಒಣ ಕಸದಲ್ಲೂ ಉಳಿಯುತ್ತದೆ. ಅಂಥ ತೋಟದಲ್ಲಿ ಆರೋಗ್ಯವಂತ ಸಾಲುಗಳ ಕೆಲಸ ಮೊದಲು, ರೋಗದ ಸಾಲು ಕೊನೆಗೆ. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕುಡಿ ಚಿವುಟಬಾರದು. ಹಳೆಯ ದಾರವನ್ನು ಮತ್ತೆ ಕಟ್ಟಬೇಡಿ.

ಬರೆದಿಡುವ ಕೆಲಸ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಸಸಿ ತಂದ ದಿನ, ನಾಟಿಯ ದಿನ, ಮೊದಲ ಮುದುಡಿದ ಗಿಡ ಕಂಡ ದಿನ, ವಾರದ ಎಣಿಕೆ, ಹೊಡೆದ ಔಷಧಿಯ ಹೆಸರು ಮತ್ತು ಗುಂಪು, ಸುತ್ತಲಿನ ತೋಟಗಳ ವಯಸ್ಸು. ಮುಂದಿನ ಬೆಳೆಗೆ ನರ್ಸರಿ ಬದಲಿಸಬೇಕೋ, ನಾಟಿ ತಿಂಗಳು ಬದಲಿಸಬೇಕೋ, ಪಕ್ಕದವರ ಮನೆಗೆ ಹೋಗಿ ಮಾತಾಡಬೇಕೋ ಎಂಬುದು ಆ ಪುಟಗಳಲ್ಲಿ ಕಾಣುತ್ತದೆ. ಇಂದು ತೋಟದಲ್ಲಿ ಬೆಳೆ ಇದ್ದರೆ ನಾಳೆ ಬೆಳಗ್ಗೆಯೇ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ, ಮೊದಲ ಪುಟದಲ್ಲಿ ಬರೆಯಿರಿ.